ಖಯ್ಯಾತನ ಟೇಪು

ಇಲ್ಲಿ ನನ್ನನ್ನು ಖಯ್ಯಾತ್ ಎನ್ನುತ್ತಾರೆ, ಹಾಗೆಂದರೆ ದರ್ಜಿ.
ಶಿರೂರಿನಲ್ಲಿ ಇಟ್ಟ ಹೆಸರು ಪಾಸ್‌ಪೋರ್ಟಿನೊಳಗಿದೆ,
ಪಾಸ್‌ಪೋರ್ಟು ಕಫೀಲನ ಕಪಾಟಿನಲ್ಲಿ.

ಅಶ್ಖರಾದಿಂದ ತೆಂಕಕ್ಕೆ, ಟಾರು ಮುಗಿದ ಮೇಲೂ ಒಂದು ಗಂಟೆ.
ಬೂತಾಯಿ ಮರಳಿನ ಮೇಲೇ ಒಣಗುವ ಹಳ್ಳಿ.
ಆಡುಗಳೂ ಅದನ್ನೇ ತಿನ್ನುತ್ತವೆ,
ಚಹಾದ ಹಾಲಿಗೂ ಅದೇ ವಾಸನೆ.

ಈದ್ ಹತ್ತಿರ ಬಂತೆಂದರೆ ಹುಡುಗರ ಸಾಲು ಬಾಗಿಲಲ್ಲಿ.
ಎದೆ, ತೋಳು, ಭುಜದಿಂದ ಹಿಮ್ಮಡಿ.
ಯಾರು ಎಷ್ಟು ಬೆಳೆದರೆಂದು ತಾಯಂದಿರಿಗಿಂತ ಮೊದಲು
ನನ್ನ ಎಣ್ಣೆ ಹತ್ತಿದ ಪುಸ್ತಕಕ್ಕೆ ಗೊತ್ತು.

ಶಂಸಾ ಒಬ್ಬಳೇ ಬಂದಳು, ಬಟ್ಟೆ ಕಂಕುಳಲ್ಲಿ.
ಹಿಲಾಲನಿಗೆ. ಒಂಬತ್ತು ವರ್ಷ.
ಕರಕೊಂಡು ಬನ್ನಿ, ಅಂದೆ.
ತಕ್ರೀಬನ್, ಅಂದಳು. ಅಂದಾಜಿಗೆ ಹೊಲಿ.

ಆ ಮಾತು ನನಗೆ ಹಳೆಯದು.
ಪೇಟೆಯಲ್ಲಿ ಮೊದಲ ಮಿಶಿನ್ ಇಟ್ಟ ವರ್ಷ
ಹೀಗೇ ನಿಂತಿದ್ದಳು ಖಾರ್ವಿಕೇರಿಯ ಪದ್ದಕ್ಕ.
ಲಂಗ ಮಗಳಿಗೆ, ಮಗಳು ಒಳಕೋಣೆಯಲ್ಲಿ.
ಅಂದಾಜಿಗೇ ಹೊಲಿದೆ. ಗೋಣಿಚೀಲ.
ಕೂಲಿಯಲ್ಲಿ ಒಂದು ರೂಪಾಯಿಯನ್ನೂ ಬಿಡಲಿಲ್ಲ.

ಅಂಗಡಿಗೆ ಬೀಗ ಹಾಕಿ ಶಂಸಾಳ ಹಿಂದೆ ನಡೆದೆ.

ಗಾರೆ ಕಾಣದ ಗೋಡೆ, ಕಿಟಕಿಯ ಕೆಳಗೆ ಚಾಪೆ,
ಚಾಪೆಯಲ್ಲಿ ಹುಡುಗ. ಕಾಲ ಮೇಲೆ ಕಾಲು ಬಿಗಿದು
ಕತ್ತರಿಯ ಹಾಗೆ.
ಕತ್ತರಿಯಾದರೆ ನನಗೆ ಗೊತ್ತು,
ತುಕ್ಕು ಹಿಡಿದದ್ದನ್ನು ಎಳೆದು ಬಿಡಿಸಬಾರದು, ಎಣ್ಣೆ ಬಿಟ್ಟು ಕಾಯಬೇಕು.
ಟೇಪಿನ ತುದಿಯ ತಗಡು ತಣ್ಣಗೆ ತಾಗಿ
ಕುತ್ತಿಗೆ ಕುಗ್ಗಿಸಿ ನಕ್ಕ.
ಬಲದ ತೋಳು ಒಂದು ಅಳತೆ, ಎಡದ್ದು ಇನ್ನೊಂದು.
ಉಳಿದ ಹುಡುಗರಿಗೆ ಒಂದೇ ಸಾಲು, ಇವನಿಗೆ ಒಂದು ಪುಟ.

ಸೂರ್ ಪಟ್ಟಣದಿಂದ ತಿಂಗಳಿಗೊಮ್ಮೆ ವ್ಯಾನು ಬರುತ್ತದಂತೆ,
ಖರೀಫ್ ಗಾಳಿ ದಾರಿಯನ್ನು ನುಂಗಿದರೆ ಅದೂ ಇಲ್ಲ.
ಕಾಲು ನೀವಿ ಮಡಿಸಲು ಕಲಿಸುವ ಝುವೈನಾ
ಕುರ್ಚಿಗೆ ಅರ್ಜಿ ಬರೆದು ಒಂದೂವರೆ ವರ್ಷ.
ಅಷ್ಟರಲ್ಲಿ ಹುಡುಗ ಅರ್ಜಿಯ ಅಳತೆ ಮೀರಿ ಬೆಳೆದಿದ್ದಾನೆ.
ರಟ್ಟಿನ ಮೇಲೆ ಬರೆದು ಕೊಟ್ಟಳು: ಸೊಂಟ ಇಲ್ಲಿ, ಪಾದ ಇಲ್ಲಿ,
ತಲೆ ವಾಲದ ಹಾಗೆ ಇಲ್ಲೊಂದು ದಿಂಬು.

ದೋಣಿಗೆ ಫೈಬರ್ ತೇಪೆ ಹಾಕುವ ಚಿತ್ತಗಾಂಗಿನ ಶಫೀಕುಲ್
ರಾತ್ರಿ ಹೊತ್ತು, ಧಣಿಗೆ ಹೇಳದೆ, ಕುರ್ಚಿ ಎರಕ ಹೊಯ್ದ.
ಪಟ್ಟಿ ನಾನು ಹೊಲಿದೆ, ನನ್ನ ಹಾಸಿಗೆಯ ಫೋಮು ಕೊಯ್ದು.
ಎರಡು ಹಾಳಾದವು.
ಒಂದರಲ್ಲಿ ಈಗ ಕೋಳಿ ಕಾವು ಕೂತಿದೆ.
ಮೂರನೆಯದರಲ್ಲಿ ಹಿಲಾಲ್ ಜಾರಲಿಲ್ಲ.

ಅಂಗಿಯ ಪಕ್ಕ ಪೂರ್ತಿ ಬಿಚ್ಚಿ ವೆಲ್ಕ್ರೊ ಇಟ್ಟೆ,
ತೋಳು ಎತ್ತಿಸಿ ಅಳಿಸಬೇಕಿಲ್ಲ.
ಕೊರಳಿನ ಕುಚ್ಚು, ಅತ್ತರಿನಲ್ಲಿ ಅದ್ದುವ ಫುರಾಖಾ,
ಎಲ್ಲರಿಗೂ ಒಂದು ಗೇಣು.
ಇವನಿಗೆ ಸೊಂಟದವರೆಗೆ ಇಳಿಬಿಟ್ಟೆ,
ಅವನ ಬಲಮುಷ್ಟಿ ಅಲ್ಲೇ ಇರುತ್ತದೆ.

ಈದ್ ಬೆಳಿಗ್ಗೆ ಖಲ್ಫಾನ್ ಮಗನನ್ನು ಕುರ್ಚಿಸಮೇತ ಬಾಗಿಲ ಹೊರಗಿಟ್ಟ.
ಹುಡುಗರು ನಕ್ಕರು: ಬಾಲ! ಬಾಲ!
ಹಿಲಾಲ್ ಬೆರಳು ಬಿಡಿಸುತ್ತಿದ್ದ. ತುಂಬ ಹೊತ್ತು.
ಕಹ್ವಾ ಎರಡು ಸುತ್ತು ಆಯಿತು.
ಆಮೇಲೆ ಕುಚ್ಚು ಸಿಕ್ಕಿತು, ಮೂಗಿನವರೆಗೆ ಬಂತು,
ಸೀನಿದ.

ಕೂಲಿ ಬೇಡವೆಂದರೂ ಶಂಸಾ ಒಣ ತಾಟೆ ತಂದಿಟ್ಟಳು.
ಹಬ್ಬದ ಮರುದಿನ ಇನ್ನೊಬ್ಬಳು ಬಂದಳು,
ಬಾಗಿಲಲ್ಲೇ ನಿಂತು ದನಿ ತಗ್ಗಿಸಿ:
ನಮ್ಮಲ್ಲೂ ಒಬ್ಬಳಿದ್ದಾಳೆ.
ನಲವತ್ತು ಮನೆಯ ಊರು. ಹನ್ನೊಂದು ವರ್ಷದಿಂದ ಹೊಲಿಯುತ್ತಿದ್ದೇನೆ.
ಐದು ಮಕ್ಕಳನ್ನು ನಾನು ನೋಡಿಯೇ ಇರಲಿಲ್ಲ.

ಮೊನ್ನೆ ತಮ್ಮನಿಗೆ ಫೋನು ಮಾಡಿ
ಪದ್ದಕ್ಕನ ಮಗಳ ಹೆಸರೇನೋ, ಅಂದೆ.
ಯಾವ ಮಗಳು, ಅಂದ.
ಒಳಕೋಣೆಯಲ್ಲಿ ಇದ್ದಳಲ್ಲ.
ಕೇಳಿ ಹೇಳ್ತೆ, ಅಂದ.
ಆಚೆ ಮಿಕ್ಸರ್ ಸದ್ದಾಗುತ್ತಿತ್ತು. ಲೈನು ಹೋಯಿತು.